ಪಂಚಾಯತಿ ಲೆಕ್ಕದಲ್ಲಿ ತಪ್ಪು ಸಿಕ್ಕಿತು - ಆಮೇಲೆ?



ಸಂಘಕ್ಕೆ ಗ್ರೇಡಿಂಗ್ ಮಾಡಲು ಬ್ಯಾಂಕಿನವರು ಬರುವ ದಿನ ಹೇಗಿರುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದಿನ ರಾತ್ರಿ ಪುಸ್ತಕ ಬರೆಯುವ ಸದಸ್ಯೆಗೆ ನಿದ್ದೆ ಇರುವುದಿಲ್ಲ. ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಪುಸ್ತಕ, ಪಾಸ್‌ಬುಕ್ಕು ಎಲ್ಲವೂ ಬೆಳಿಗ್ಗೆಯೇ ಚಾಪೆ ಮೇಲೆ ಸಾಲಾಗಿ ಕೂತಿರುತ್ತವೆ. ಬಂದವರು ಮೊದಲು ದುಡ್ಡು ಎಷ್ಟಿದೆ ಅಂತ ಕೇಳುವುದಿಲ್ಲ. ಸಭೆ ತಪ್ಪದೆ ನಡೆದಿದೆಯೇ, ಎಷ್ಟು ಜನ ಬಂದಿದ್ದಾರೆ, ಒಳಸಾಲ ಎಲ್ಲರಿಗೂ ಸಿಕ್ಕಿದೆಯೇ ಅಥವಾ ಇಬ್ಬರು ಮೂವರ ನಡುವೆಯೇ ಸುತ್ತುತ್ತಿದೆಯೇ, ಕಂತು ವಾಪಸ್ಸು ಬರ್ತಿದೆಯೇ ಎಂದು ಕೇಳುತ್ತಾರೆ. ಅಂದರೆ ಲೆಕ್ಕ ಸರಿ ಇದೆಯೇ ಎಂಬುದರ ಜೊತೆಗೆ ಸಂಘ ತನ್ನ ಕೆಲಸ ಮಾಡ್ತಾ ಇದೆಯೇ ಎಂದೂ ನೋಡುತ್ತಾರೆ. ಅಂಕ ಕಡಿಮೆ ಬಂದರೆ "ಇಷ್ಟನ್ನು ಸರಿಮಾಡಿಕೊಳ್ಳಿ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ" ಎಂದು ಹೇಳಿ ಹೋಗುತ್ತಾರೆ. ಆ ಕೆಲವು ತಿಂಗಳಲ್ಲಿ ಸಂಘ ನಿಜವಾಗಿಯೂ ಬದಲಾಗುತ್ತದೆ. ಯಾಕಂದ್ರೆ ಸಾಲ ಬೇಕು.

ನಮ್ಮ ಗ್ರಾಮ ಪಂಚಾಯತಿಗೂ ಹೀಗೆಯೇ ಹೊರಗಿನವರು ಬಂದು ಪರೀಕ್ಷೆ ಮಾಡುತ್ತಾರೆ. ಒಂದು ರೀತಿಯಲ್ಲಿ ಅಲ್ಲ, ಮೂರು ನಾಲ್ಕು ರೀತಿಯಲ್ಲಿ. ಆದರೆ ಪರೀಕ್ಷೆ ಆಯಿತು ಅನ್ನುವುದೇ ಊರಿನ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ಏನು ತಪ್ಪು ಸಿಕ್ಕಿತು, ಅದನ್ನು ಸರಿಮಾಡಲು ಮುಂದಿನ ವರ್ಷದ ಯೋಜನೆಯಲ್ಲಿ ಏನು ಹಾಕಿದರು ಎಂಬುದು ಗೊತ್ತಾಗುವುದು ಇನ್ನೂ ಕಡಿಮೆ. ಈ ಸಲದ ಪತ್ರದಲ್ಲಿ ಅದನ್ನೇ ತಿಳಿದುಕೊಳ್ಳೋಣ. ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿಸಿಕೊಂಡರೂ ಸಾಕು.

ಹೊರಗಿನಿಂದ ಬರುವವರು ಯಾರು?

73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಸಂವಿಧಾನದಲ್ಲಿ 243ಜೆ ಎಂಬ ಚಿಕ್ಕ ವಿಧಿಯೊಂದು ಸೇರಿತು. ಪಂಚಾಯತಿಗಳ ಲೆಕ್ಕ ಇಡುವುದಕ್ಕೂ ಅದನ್ನು ಪರಿಶೋಧಿಸುವುದಕ್ಕೂ ರಾಜ್ಯಗಳು ಕಾನೂನು ಮಾಡಬಹುದು ಅಂತ ಅದು ಹೇಳುತ್ತದೆ. ಅದೇ ವರ್ಷ ಕರ್ನಾಟಕದಲ್ಲಿ ಪಂಚಾಯತ್ ರಾಜ್ ಅಧಿನಿಯಮ ಬಂತು. ಈಗ ಅದರ ಹೆಸರಿನ ಹಿಂದೆ ಗ್ರಾಮ ಸ್ವರಾಜ್ ಎಂಬ ಮಾತೂ ಸೇರಿದೆ. ಇದರ ಪ್ರಕಾರ ಗ್ರಾಮ ಪಂಚಾಯತಿಯ ಲೆಕ್ಕವನ್ನು ರಾಜ್ಯದ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು ನೋಡುತ್ತಾರೆ. ತಾಲೂಕು ಪಂಚಾಯತಿ, ಜಿಲ್ಲಾ ಪಂಚಾಯತಿ ಲೆಕ್ಕವನ್ನು ಮಹಾಲೇಖಪಾಲರ ಕಡೆಯವರು ನೋಡುತ್ತಾರೆ. ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದು ಕೂತಿದ್ದರೂ ಈ ಪರಿಶೋಧನೆ ನಿಲ್ಲುವುದಿಲ್ಲ.

ಇಲಾಖೆಯಿಂದ ಬಂದ ಲೆಕ್ಕಪರಿಶೋಧಕರು ಪಂಚಾಯತಿ ಕಚೇರಿಯಲ್ಲಿ ಕೂತು ನಗದು ಪುಸ್ತಕ, ಓಚರು, ಅಳತೆ ಪುಸ್ತಕ, ದಾಸ್ತಾನು ವಹಿ, ತೆರಿಗೆಯ ಬೇಡಿಕೆ-ವಸೂಲಿ-ಬಾಕಿ ವಹಿ ಎಲ್ಲವನ್ನೂ ತಾಳೆ ನೋಡುತ್ತಾರೆ. ತಪ್ಪು ಕಂಡಲ್ಲಿ "ಆಕ್ಷೇಪಣೆ" ಬರೆಯುತ್ತಾರೆ. ಒಂದೊಂದು ಆಕ್ಷೇಪಣೆಗೂ ಒಂದು ನಂಬರಿನ ಕಂಡಿಕೆ. ಓಚರು ಇಲ್ಲದೆ ಹಣ ಕೊಟ್ಟಿದ್ದಾರೆ, ಟೆಂಡರು ಕರೆಯದೆ ಸಾಮಾನು ತಂದಿದ್ದಾರೆ, ಜನರಿಂದ ಗ್ರಂಥಾಲಯ ಕರ ಕಟ್ಟಿಸಿಕೊಂಡು ಗ್ರಂಥಾಲಯಕ್ಕೆ ಕೊಟ್ಟಿಲ್ಲ, ಗುತ್ತಿಗೆದಾರರ ಬಿಲ್ಲಿನಲ್ಲಿ ಕಾರ್ಮಿಕ ಕಲ್ಯಾಣಕ್ಕೆಂದು ಮುರಿದುಕೊಂಡ ಶೇ. 1ರ ಹಣ ಕಟ್ಟಿಲ್ಲ - ಇಂಥವು. ಇವು ಸಣ್ಣ ವಿಷಯ ಅಲ್ಲ. ಆದರೆ ಇಷ್ಟರಲ್ಲೇ ಎಲ್ಲವೂ ತಿಳಿಯುವುದಿಲ್ಲ.

ಒಂದು ನೀರಿನ ಟ್ಯಾಂಕು ಕಟ್ಟಿದರು ಅಂತ ಇಟ್ಟುಕೊಳ್ಳೋಣ. ಟೆಂಡರು ಸರಿ, ಬಿಲ್ಲು ಸರಿ, ಅಳತೆ ಸರಿ, ಚೆಕ್ಕು ಸರಿ. ಲೆಕ್ಕದ ಪರೀಕ್ಷೆಯಲ್ಲಿ ಟ್ಯಾಂಕು ಪಾಸಾಯಿತು. ಆದರೆ ಟ್ಯಾಂಕಿಗೆ ನೀರು ಏರುವುದಿಲ್ಲ! ಏರದಿದ್ದರೆ ಅದು ಕಲ್ಲಿನ ಗೋಪುರವೇ ಹೊರತು ಟ್ಯಾಂಕು ಅಲ್ಲ. ಅದಕ್ಕೇ ಲೆಕ್ಕಪರಿಶೋಧನೆಯಲ್ಲಿ ಇನ್ನೊಂದು ಬಗೆ ಇದೆ, ಕಾರ್ಯನಿರ್ವಹಣೆಯ ಪರಿಶೋಧನೆ ಎಂದು ಅದಕ್ಕೆ ಹೆಸರು. ಇಷ್ಟಕ್ಕೆ ಇಷ್ಟು ಖರ್ಚು ಬೇಕಿತ್ತೇ, ಖರ್ಚಿಗೆ ತಕ್ಕ ಕೆಲಸ ಆಯಿತೇ, ಆ ಕೆಲಸದಿಂದ ಜನಕ್ಕೆ ಆಗಬೇಕಿದ್ದ ಪ್ರಯೋಜನ ಆಯಿತೇ ಎಂದು ಅದು ಕೇಳುತ್ತದೆ. ಮೂರನೇ ಪ್ರಶ್ನೆಗೆ ಉತ್ತರ ಓಚರಿನಲ್ಲಿ ಸಿಗುವುದಿಲ್ಲ. ಅದು ಕೊಡ ಹೊರುವವರ ಹತ್ತಿರ ಇರುತ್ತದೆ.

ಗ್ರಾಮ ಪಂಚಾಯತಿ ಮಟ್ಟದಲ್ಲಿ ಕೊಡ ಹೊರುವವರು ಉತ್ತರ ಕೊಡಲು ಎರಡು ಬಾಗಿಲು ಇವೆ. ಒಂದು ಜಮಾಬಂದಿ, ಇನ್ನೊಂದು ಸಾಮಾಜಿಕ ಪರಿಶೋಧನೆ.

ಜಮಾಬಂದಿ ಅಂದರೆ ಹಿರಿಯರಿಗೆ ಕಂದಾಯ ಇಲಾಖೆಯ ಜಮಾಬಂದಿ ನೆನಪಿಗೆ ಬರುತ್ತದೆ, ಇದು ಅದಲ್ಲ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ತಾಲೂಕಿನಿಂದ ನೇಮಕವಾದ ಅಧಿಕಾರಿಯೊಬ್ಬರು ಬಂದು, ಹಿಂದಿನ ಆರ್ಥಿಕ ವರ್ಷದ ಜಮಾ ಖರ್ಚನ್ನೂ ಕಾಮಗಾರಿಗಳನ್ನೂ ಜನರ ಎದುರಿಗೆ ಓದಿ ಪರಿಶೀಲಿಸಬೇಕು. ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡಬೇಕು. ಯಾರು ಬೇಕಾದರೂ ಹೋಗಬಹುದು, ಕಡತ ನೋಡಬಹುದು, ಪ್ರಶ್ನೆ ಕೇಳಬಹುದು.

ಸಾಮಾಜಿಕ ಪರಿಶೋಧನೆಯ ಕಥೆ ಸ್ವಲ್ಪ ದೊಡ್ಡದು. ಅದು ಯಾವುದೋ ಇಲಾಖೆಯ ಕೊಠಡಿಯಲ್ಲಿ ಹುಟ್ಟಿದ್ದಲ್ಲ, ರಾಜಸ್ಥಾನದ ಬಡ ಕೂಲಿಕಾರರ ನಡುವೆ ಹುಟ್ಟಿದ್ದು. ಅಲ್ಲಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಆರಂಭವಾಯಿತು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಇವರೆಲ್ಲ ಅದರಲ್ಲಿ ದುಡಿದವರು. ಬರಗಾಲದ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊತ್ತರೂ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ "ನೀವು ಕೆಲಸ ಮಾಡಿದ್ದು ಅಷ್ಟೇ ಅಂತ ಪುಸ್ತಕದಲ್ಲಿದೆ" ಎಂಬ ಉತ್ತರ. ಪುಸ್ತಕ ತೋರಿಸಿ ಅಂದರೆ ಅದು ಸರ್ಕಾರದ ಗುಟ್ಟು! 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬಲ್ಲಿ ಮೊದಲ ಜನಸುನವಾಯಿ, ಅಂದರೆ ಜನರ ವಿಚಾರಣೆ, ನಡೆಯಿತು. ಹೇಗೋ ಸಿಕ್ಕ ಹಾಜರಿ ಪಟ್ಟಿಗಳನ್ನೂ ಬಿಲ್ಲುಗಳನ್ನೂ ಊರಿನವರ ಮುಂದೆ ಗಟ್ಟಿಯಾಗಿ ಓದಿದರು, ಅಷ್ಟೇ. ಓದು ಬಾರದ ಹೆಂಗಸರೂ ತಮ್ಮ ಹೆಸರು ಕೇಳಿಸಿದ ಕೂಡಲೇ ಎದ್ದು ನಿಂತು ಹೌದು, ಅಲ್ಲ ಎಂದು ಹೇಳಬಹುದಾಯಿತು. ಅಲ್ಲಿಂದ ಹೊರಟ ಹೋರಾಟ 2005ರ ಮಾಹಿತಿ ಹಕ್ಕು ಕಾಯ್ದೆಯವರೆಗೆ ಬಂತು. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಪ್ರಕರಣದಲ್ಲಿ ಗ್ರಾಮ ಸಭೆಯೇ ಕಾಮಗಾರಿಗಳ ಸಾಮಾಜಿಕ ಪರಿಶೋಧನೆ ಮಾಡಬೇಕು ಎಂದು ಸೇರಿತು. 2011ರಲ್ಲಿ ನಿಯಮ ಬಂದು, ಕಾಮಗಾರಿ ಮಾಡಿಸುವವರೇ ಪರಿಶೋಧನೆ ಮಾಡುವಂತಿಲ್ಲ, ಅದಕ್ಕೆ ಬೇರೆಯೇ ಘಟಕ ಇರಬೇಕು ಎಂದಾಯಿತು. ಆಂಧ್ರದಲ್ಲಂತೂ 2006ರಿಂದಲೇ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತ್ರಿ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತಂದಿದೆ. ಕೆಲಸದ ನಿಯಮಗಳು ಬದಲಾದರೂ ಸಾಮಾಜಿಕ ಪರಿಶೋಧನೆಯನ್ನು ಅದರಲ್ಲೂ ಇಟ್ಟುಕೊಂಡಿದ್ದಾರೆ.

ನಡಾವಳಿ ಪುಸ್ತಕ ಸಾಕ್ಷಿ ಹೇಳಿದ್ದು

ಇಷ್ಟು ಕಾನೂನು ಹೇಳಿದ ಮೇಲೆ ನಾವು ಕಣ್ಣಾರೆ ಕಂಡ ಒಂದು ವಿಷಯ ಹೇಳಬೇಕು. ಊರಿನ ಹೆಸರು, ಪಂಚಾಯತಿ ಹೆಸರು ಬೇಡ.

ಆ ಊರಿನ ಕಾಲೋನಿಯಲ್ಲಿ ನಮ್ಮ ಎರಡು ಸಂಘಗಳಿವೆ. ನೀರಿಗೆ ಒಂದೇ ಕೊಳವೆ ಬಾವಿ, ಒಂದು ಮೋಟಾರು, ಒಂದು ಕಿರು ಟ್ಯಾಂಕು. ಜಮಾಬಂದಿ ದಿನ ಅಧಿಕಾರಿ ಖರ್ಚಿನ ಪಟ್ಟಿ ಓದುತ್ತಾ ಹೋದರು. ಕಾಲೋನಿ ಮೋಟಾರು ರಿಪೇರಿ ಎಂದು ವರ್ಷದಲ್ಲಿ ಐದು ಬಿಲ್ಲು. ಮೇ, ಜೂನ್, ಆಗಸ್ಟ್, ಡಿಸೆಂಬರ್, ಫೆಬ್ರವರಿ. ಹಿಂದೆ ಕೂತಿದ್ದ ಒಬ್ಬ ಸದಸ್ಯೆ ಎದ್ದು "ಐದು ಸಲ ಎಲ್ಲಿ ಕೆಟ್ಟಿತ್ತು ಸಾರ್, ಎರಡೇ ಸಲ" ಎಂದರು. "ಅದು ಹೆಂಗೆ ಹೇಳ್ತೀರಿ?" ಎಂದು ಕಚೇರಿಯವರು ಕೇಳಿದರು. ಕೇಳುವುದು ನ್ಯಾಯವೇ. ಬಾಯಿ ಮಾತಿಗೆ ಬಿಲ್ಲು ಸುಳ್ಳಾಗುವುದಿಲ್ಲ.

ಆಗ ಇನ್ನೊಬ್ಬ ಸದಸ್ಯೆ ಮನೆಗೆ ಓಡಿ ಸಂಘದ ನಡಾವಳಿ ಪುಸ್ತಕ ತಂದರು. ಅವರ ಸಭೆ ಪ್ರತಿ ಮಂಗಳವಾರ ಸಂಜೆ 6 ಗಂಟೆಗೆ. ಮೇ ತಿಂಗಳ ಒಂದು ವಾರದಲ್ಲಿ "ನೀರು ಬಾರದ ಕಾರಣ ಸದಸ್ಯರು ತೋಟದ ಬಾವಿಗೆ ಹೋಗಿದ್ದು, ಸಭೆಯನ್ನು ರಾತ್ರಿ 8 ಗಂಟೆಗೆ ಆರಂಭಿಸಲಾಯಿತು" ಎಂದು ಬರೆದಿತ್ತು. ಡಿಸೆಂಬರಿನಲ್ಲಿ ಎರಡು ವಾರ ಹಾಗೇ ಬರೆದಿತ್ತು. ಜೂನ್, ಆಗಸ್ಟ್, ಫೆಬ್ರವರಿಯಲ್ಲಿ ಎಲ್ಲ ಸಭೆಗಳೂ 6 ಗಂಟೆಗೇ ನಡೆದಿದ್ದವು. ತಡವಾಗಿ ಬಂದವರಿಗೆ ದಂಡ ಹಾಕಲು ಬರೆದಿಟ್ಟ ಸಮಯ ಅದು! ಮೋಟಾರಿನ ಲೆಕ್ಕಕ್ಕೆ ಸಾಕ್ಷಿ ಆಗುತ್ತದೆ ಅಂತ ಬರೆದವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಅಧಿಕಾರಿ ಆ ಪುಟಗಳನ್ನು ನೋಡಿ ಬರೆದುಕೊಂಡರು. ವಿಚಾರಿಸಿದಾಗ ಮೂರು ಬಿಲ್ಲಿನಲ್ಲಿ ಒಂದು ಪಕ್ಕದ ಊರಿನ ಮೋಟಾರಿನದು, ಹೆಸರು ಬರೆಯುವಾಗ ತಪ್ಪಾಗಿತ್ತು. ಅಂದರೆ ಅದು ಕಳ್ಳತನ ಅಲ್ಲ, ಅಜಾಗರೂಕತೆ. ಇದನ್ನು ಯಾಕೆ ಹೇಳ್ತಿದೀವಿ ಅಂದರೆ, ಬಿಲ್ಲು ತಪ್ಪಿದೆ ಅಂದ ಕೂಡಲೇ ತಿಂದುಹಾಕಿದರು ಎಂದು ಕೂಗುವುದು ನಮ್ಮಲ್ಲೂ ಇದೆ. ಸಾಮಾಜಿಕ ಪರಿಶೋಧನೆಯಲ್ಲೂ ಇದಕ್ಕೇ ನಾಲ್ಕು ಬಗೆಯಾಗಿ ಬರೆದುಕೊಳ್ಳುತ್ತಾರೆ: ಹಣ ದುರುಪಯೋಗ ಆದದ್ದು ಬೇರೆ, ಒಂದಕ್ಕೆ ಇಟ್ಟದ್ದನ್ನು ಇನ್ನೊಂದಕ್ಕೆ ಖರ್ಚು ಮಾಡಿದ್ದು ಬೇರೆ, ಮಾಡಬೇಕಾದ ಕ್ರಮ ತಪ್ಪಿದ್ದು ಬೇರೆ, ಜನರ ದೂರು ಬೇರೆ. ಉಳಿದ ಎರಡು ಬಿಲ್ಲಿಗೆ ಮಾತ್ರ ಸರಿಯಾದ ವಿವರ ಸಿಗಲಿಲ್ಲ. ಬಿಚ್ಚಿದ ಹಳೇ ಸಾಮಾನು ದಾಸ್ತಾನು ವಹಿಯಲ್ಲಿ ಇರಲಿಲ್ಲ. ಅದಕ್ಕೆ ಆಕ್ಷೇಪಣೆ ಬಿತ್ತು.

ಎಲ್ಲರೂ ಖುಷಿಯಾಗಿ ಮನೆಗೆ ಹೊರಟಾಗ ಒಬ್ಬ ಅಜ್ಜಿ "ಅದ್ಸರಿ, ಎರಡು ಸಲ ಯಾಕೆ ಸುಟ್ಟೋಯ್ತು?" ಎಂದು ಕೇಳಿದರು. ಯಾರೂ ಉತ್ತರ ಹೇಳಲಿಲ್ಲ. ನೀರು ಬಿಡುವವರು ಆಮೇಲೆ ನಮ್ಮ ಹತ್ತಿರ ಹೇಳಿದರು: ಕರೆಂಟು ಏರಿಳಿತ ಆಗುತ್ತದೆ, ಅದನ್ನು ತಡೆಯುವ ಸ್ಟಾರ್ಟರ್ ಪೆಟ್ಟಿಗೆ ಕೆಟ್ಟು ಬಹಳ ದಿನ ಆಗಿದೆ, ವೈರನ್ನು ನೇರವಾಗಿ ಕೊಟ್ಟಿದ್ದಾರೆ. ನೋಡಿ, ಐದೋ ಎರಡೋ ಅನ್ನುವುದು ಲೆಕ್ಕದ ಪ್ರಶ್ನೆ. ಅಜ್ಜಿ ಕೇಳಿದ್ದು ಕಾರ್ಯನಿರ್ವಹಣೆಯ ಪ್ರಶ್ನೆ. ಅವತ್ತಿನ ಸಭೆಯಲ್ಲಿ ಅತಿ ಮುಖ್ಯವಾದ ಮಾತು ಅದೇ ಆಗಿತ್ತು. ಅದು ಯಾವ ಕಾಗದದಲ್ಲೂ ದಾಖಲಾಗಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಮೋಟಾರು ಮತ್ತೆ ಸುಟ್ಟಿತು. ಹನ್ನೊಂದು ದಿನ ನೀರಿಲ್ಲ. ಒಬ್ಬ ಬಾಣಂತಿಯ ಮನೆಯವರು ಕೂಡ ತೋಟದ ಬಾವಿಗೆ ನಡೆದರು.

ಹದಿನೇಳು ದಿನ

ಎಲ್ಲಿ ತಪ್ಪಿತು? ಆಕ್ಷೇಪಣೆ ಬಂದ ಮೇಲೆ ಪಂಚಾಯತಿಯವರು ಒಂದು ಉತ್ತರ ಬರೆದು ಕಳಿಸಬೇಕು. ಅದಕ್ಕೆ ಅನುಪಾಲನಾ ವರದಿ ಅನ್ನುತ್ತಾರೆ. ಎಷ್ಟೋ ಕಡೆ ಆ ವರದಿಯಲ್ಲಿ ಇರುವುದು ಒಂದೇ ಸಾಲು: "ಮುಂದೆ ಎಚ್ಚರ ವಹಿಸಲಾಗುವುದು." ವರ್ಷ ಬಿಟ್ಟು ವರ್ಷ ಅದೇ ಕಂಡಿಕೆ, ಅದೇ ಉತ್ತರ. ನಮ್ಮ ಸಂಘದಲ್ಲಿ ಸಾಲ ಕಟ್ಟದವರು "ಮುಂದಿನ ವಾರ ಎಚ್ಚರ ವಹಿಸುತ್ತೇನೆ" ಅಂದರೆ ನಾವು ಒಪ್ಪುತ್ತೇವೆಯೇ? ಎಷ್ಟು, ಯಾವತ್ತು, ಯಾರು ಜಾಮೀನು ಎಂದು ಬರೆಸಿಕೊಳ್ಳುತ್ತೇವೆ. ಪಂಚಾಯತಿಗೂ ಬೇಕಾದದ್ದು ಅದೇ. ಏನು ಸರಿಮಾಡುತ್ತಾರೆ, ಯಾವ ಹಣದಲ್ಲಿ, ಯಾವ ತಿಂಗಳೊಳಗೆ, ಯಾರು ನೋಡಿಕೊಳ್ಳುತ್ತಾರೆ ಎಂಬುದು. ಅದನ್ನೇ ಸುಧಾರಣಾ ಯೋಜನೆ ಎನ್ನುವುದು. ಅದಕ್ಕೆ ಹೊಸ ಸಮಿತಿ, ಹೊಸ ಕಾಗದ ಬೇಕಿಲ್ಲ. ಪಂಚಾಯತಿ ಹೇಗೂ ಪ್ರತಿ ವರ್ಷ ಅಭಿವೃದ್ಧಿ ಯೋಜನೆ, ಕ್ರಿಯಾ ಯೋಜನೆ ಮಾಡಲೇಬೇಕು. ಸರಿಮಾಡುವ ಕೆಲಸ ಅದರೊಳಗೆ ಒಂದು ಸಾಲಾಗಿ ಬರಬೇಕು. ಅದರಲ್ಲಿ ಇಲ್ಲದ ಕೆಲಸಕ್ಕೆ ದುಡ್ಡೂ ಇರುವುದಿಲ್ಲ.

ಈಗ ಕ್ಯಾಲೆಂಡರ್ ತೆಗೆದು ನೋಡಿ. ಜಮಾಬಂದಿ ಮುಗಿಯುವುದು ಸೆಪ್ಟೆಂಬರ್ 15ಕ್ಕೆ. ಮುಂದಿನ ವರ್ಷದ ಯೋಜನೆ ಮಾಡಲು ಗ್ರಾಮ ಸಭೆಗಳು ಶುರುವಾಗುವುದು ಸಾಮಾನ್ಯವಾಗಿ ಗಾಂಧಿ ಜಯಂತಿಯಿಂದ, ಅಕ್ಟೋಬರ್ 2ರಿಂದ. 2018ರಿಂದ ದೇಶದಲ್ಲೆಲ್ಲ ಇದೇ ಹೊತ್ತಿಗೆ ಯೋಜನಾ ಅಭಿಯಾನ ಮಾಡುತ್ತಾ ಬಂದಿದ್ದಾರೆ. ನಡುವೆ ಇರುವುದು ಹದಿನೇಳು ದಿನ. ತಪ್ಪು ಹುಡುಕಿದ ಸಭೆಗೂ ಯೋಜನೆ ಮಾಡುವ ಸಭೆಗೂ ಇಷ್ಟು ಹತ್ತಿರ ಇದ್ದರೂ, ಮೊದಲನೆಯದರಲ್ಲಿ ಹೇಳಿದ ಮಾತು ಎರಡನೆಯದಕ್ಕೆ ತಾನಾಗಿ ನಡೆದುಕೊಂಡು ಬರುವುದಿಲ್ಲ. ಯಾರಾದರೂ ಹೊತ್ತು ತರಬೇಕು. ಕಾಲೋನಿಯ ಹೆಣ್ಣುಮಕ್ಕಳು ಜಮಾಬಂದಿಯಲ್ಲಿ ಗೆದ್ದು ಬಂದರು, ಅಕ್ಟೋಬರ್ ಸಭೆಗೆ ಯಾರೂ ಹೋಗಲಿಲ್ಲ. ಕೊಯ್ಲಿನ ಕಾಲ ಬೇರೆ. ತಪ್ಪು ನಮ್ಮದೂ ಇದೆ. ಗ್ರಾಮ ಸಭೆಗೆ ಹೋಗಿ, ಹೋಗಿ ಎಂದು ವರ್ಷಾನುಗಟ್ಟಲೆ ತರಬೇತಿಯಲ್ಲಿ ಹೇಳಿದೆವು. ಏನನ್ನು ಕೈಯಲ್ಲಿ ಹಿಡಿದು ಹೋಗಬೇಕು ಅಂತ ಹೇಳಿರಲಿಲ್ಲ.

ಕೈಯಲ್ಲಿ ಹಿಡಿಯಬೇಕಾದದ್ದು ಹಿಂದಿನ ಪರಿಶೋಧನಾ ವರದಿ ಮತ್ತು ಅದಕ್ಕೆ ಪಂಚಾಯತಿ ಕೊಟ್ಟ ಉತ್ತರ. ಇದನ್ನು ಕೇಳಿದರೆ ಕೆಲವರು "ಅದೆಲ್ಲ ಆಫೀಸಿನ ವಿಷಯ" ಎನ್ನುತ್ತಾರೆ. ಹಾಗಲ್ಲ. ವಾರ್ಷಿಕ ಲೆಕ್ಕಪತ್ರ, ಹಿಂದಿನ ವರ್ಷದ ಆಡಳಿತ ವರದಿ, ಕೊನೆಯ ಲೆಕ್ಕಪರಿಶೋಧನಾ ಟಿಪ್ಪಣಿ ಮತ್ತು ಅದಕ್ಕೆ ಕೊಟ್ಟ ಉತ್ತರ - ಇವು ಗ್ರಾಮ ಸಭೆಯ ಮುಂದೆ ಬಂದು ಚರ್ಚೆ ಆಗಬೇಕೆಂದು ನಮ್ಮ ರಾಜ್ಯದ ಪಂಚಾಯತ್ ಕಾನೂನಿನಲ್ಲೇ ಇದೆ. ಆದ್ದರಿಂದ ಇದು ಕೃಪೆ ಬೇಡುವ ವಿಷಯ ಅಲ್ಲ. ಸಭೆ ಆರಂಭವಾದ ಕೂಡಲೇ "ಹೋದ ವರ್ಷದ ಆಡಿಟ್ ಟಿಪ್ಪಣಿ ಓದಿ" ಎಂದು ಕೇಳಬಹುದು. ಅಷ್ಟೂ ಕಂಡಿಕೆ ಅರ್ಥ ಆಗಬೇಕಾಗಿಲ್ಲ. ನಮ್ಮ ಬೀದಿಗೆ, ನಮ್ಮ ನೀರಿಗೆ, ನಮ್ಮ ಅಂಗನವಾಡಿಗೆ ಸಂಬಂಧಪಟ್ಟ ಎರಡು ಮೂರನ್ನು ಹಿಡಿದರೂ ಸಾಕು.

ಓದಲು ಮುಂಚೆಯೇ ಬೇಕೆಂದರೆ ಮೊಬೈಲಿನಲ್ಲೂ ಸಿಗುತ್ತದೆ. 2020ರಿಂದ ಇ-ಗ್ರಾಮ ಸ್ವರಾಜ್ ಎಂಬ ಜಾಲತಾಣದಲ್ಲಿ ಪಂಚಾಯತಿಗಳ ಯೋಜನೆ, ಖರ್ಚು ಹಾಕುತ್ತಾರೆ. ಆಡಿಟ್ ಆನ್‌ಲೈನ್ ಎಂಬುದರಲ್ಲಿ ಪರಿಶೋಧನಾ ವರದಿ ಹಾಕುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿ ತೆಗೆಸಿ. ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಉದ್ದ ಬರೆದು ತಿರಸ್ಕಾರ ಮಾಡಿಸಿಕೊಳ್ಳಬೇಡಿ.

ಲೆಕ್ಕ ಆನ್‌ಲೈನಿನಲ್ಲಿ ಹಾಕಲು ಪಂಚಾಯತಿಗಳಿಗೆ ಎಲ್ಲಿಂದ ಇಷ್ಟು ಆತುರ ಬಂತು ಅಂತ ನೀವು ಕೇಳಬಹುದು. ಸಾಲ ಬೇಕಾದಾಗ ಸಂಘ ಪುಸ್ತಕ ಸರಿಮಾಡಿಕೊಂಡ ಹಾಗೆಯೇ! 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗಿನ ಅನುದಾನಕ್ಕೆ ಒಂದು ಷರತ್ತು ಹಾಕಿತ್ತು. ಹಿಂದಿನ ವರ್ಷದ ಲೆಕ್ಕವೂ, ಅದರ ಹಿಂದಿನ ವರ್ಷದ ಪರಿಶೋಧನೆಯಾದ ಲೆಕ್ಕವೂ ಎಲ್ಲರಿಗೂ ಕಾಣುವ ಹಾಗೆ ಆನ್‌ಲೈನಿನಲ್ಲಿ ಇರಬೇಕು. 2023-24ರಿಂದ ಅಂಥ ಪಂಚಾಯತಿಗಳ ಪಾಲಿಗೆ ಮಾತ್ರ ಅನುದಾನ. ಇನ್ನೊಂದು ಮಾತು ನೆನಪಿಡಿ. ಆ ಅನುದಾನದ ಪ್ರತಿ 100 ರೂಪಾಯಿಯಲ್ಲಿ 60 ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ತಲಾ 30. ಕಾಲೋನಿಯ ಸ್ಟಾರ್ಟರ್ ಪೆಟ್ಟಿಗೆಗೆ ದುಡ್ಡು ಇರಲಿಲ್ಲ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಯೋಜನೆಯಲ್ಲಿ ಆ ಸಾಲು ಇರಲಿಲ್ಲ, ಅಷ್ಟೇ.

ಪಂಚಾಯತಿಗೂ ಅಂಕಪಟ್ಟಿ

ಈಗ ಪಂಚಾಯತಿಗಳಿಗೆ ಅಂಕ ಕೊಡುವ ಪದ್ಧತಿಯೂ ಬಂದಿದೆ. ಪಂಚಾಯತಿ ಅಡ್ವಾನ್ಸ್‌ಮೆಂಟ್ ಇಂಡೆಕ್ಸ್ ಎಂದು ಅದರ ಹೆಸರು. ಬಡತನ, ಆರೋಗ್ಯ, ಮಕ್ಕಳು, ನೀರು, ಸ್ವಚ್ಛತೆ, ಮಹಿಳಾಸ್ನೇಹಿ ಪಂಚಾಯತಿ ಹೀಗೆ ಒಂಬತ್ತು ವಿಷಯಗಳಲ್ಲಿ ನೂರಕ್ಕೆ ಅಂಕ. 2022-23ರ ಫಲಿತಾಂಶವನ್ನು ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊರಗೆ ಬಿಟ್ಟಿತು. ದೇಶದ 2,16,285 ಪಂಚಾಯತಿಗಳ ಲೆಕ್ಕ ಅದರಲ್ಲಿತ್ತು. 90ಕ್ಕಿಂತ ಹೆಚ್ಚು ಪಡೆದ ಮೊದಲ ದರ್ಜೆಯಲ್ಲಿ ಒಂದೂ ಇಲ್ಲ. 75ರಿಂದ 90ರ ನಡುವೆ 699 ಮಾತ್ರ. 60ರಿಂದ 75ರೊಳಗೆ 77,298. ಅತಿ ಹೆಚ್ಚು, 1,32,392 ಪಂಚಾಯತಿಗಳು 40ರಿಂದ 60ರ ನಡುವೆ ನಿಂತಿವೆ, ಅಂದರೆ ಹತ್ತರಲ್ಲಿ ಆರು. 40ಕ್ಕೂ ಕೆಳಗೆ 5,896.

ಈ ಅಂಕವನ್ನು ಪೂರ್ತಿ ನಂಬಬೇಕೆ? ನಮ್ಮ ಅಭಿಪ್ರಾಯದಲ್ಲಿ ಅರ್ಧ ನಂಬಬೇಕು. ಮಾಹಿತಿ ತುಂಬುವವರು ಹೆಚ್ಚಾಗಿ ಪಂಚಾಯತಿ ಮತ್ತು ಇಲಾಖೆಗಳವರೇ. ಮೇಲಿನವರು ಪರಿಶೀಲಿಸುತ್ತಾರೆ, ನಿಜ. ಆದರೂ ತಾನೇ ಬರೆದ ಉತ್ತರ ಪತ್ರಿಕೆ. ಮನೆಮನೆಗೆ ನಲ್ಲಿ ಇದೆ ಎಂದು ಬರೆದಿರಬಹುದು, ನಲ್ಲಿಯಲ್ಲಿ ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ ಎಂಬುದನ್ನು ನಾವೇ ಹೇಳಬೇಕು. ಆದರೆ ಅಂಕಪಟ್ಟಿಯನ್ನು ಪಕ್ಕಕ್ಕೆ ಎಸೆಯಬೇಡಿ. ನಮ್ಮ ಪಂಚಾಯತಿಗೆ ಯಾವ ವಿಷಯದಲ್ಲಿ ಕಡಿಮೆ ಬಂದಿದೆ ಅಂತ ಕೇಳಿ ತಿಳಿದುಕೊಂಡರೆ, ಯೋಜನೆ ಸಭೆಯಲ್ಲಿ ಮಾತಾಡಲು ಒಂದು ಹಿಡಿತ ಸಿಗುತ್ತದೆ.

ನಮಗಿರುವ ದಾರಿ

ಸಂಜೀವಿನಿ ಒಕ್ಕೂಟಕ್ಕೆ ಸೇರಿದ ಸಂಘದವರಿಗೆ ಒಂದು ಸಲೀಸು ದಾರಿ ಇದೆ. ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟಗಳು ಪ್ರತಿ ವರ್ಷ ಸಂಘಗಳಿಂದ ಬೇಡಿಕೆ ಕೂಡಿಸಿ ಒಂದು ಯೋಜನೆ ತಯಾರು ಮಾಡಿ ಗ್ರಾಮ ಸಭೆಗೆ ಕೊಡುತ್ತವೆ. ಮೊದಲು ಅದನ್ನು ಗ್ರಾಮ ಬಡತನ ನಿರ್ಮೂಲನಾ ಯೋಜನೆ ಎನ್ನುತ್ತಿದ್ದರು. ವಿ.ಪಿ.ಆರ್.ಪಿ. ಅಂದರೆ ನಿಮಗೆ ಬೇಗ ತಿಳಿಯುತ್ತದೆ. ಯಾರಿಗೆ ಪಿಂಚಣಿ ಬಂದಿಲ್ಲ, ಯಾರಿಗೆ ಪಡಿತರ ಚೀಟಿ ಇಲ್ಲ ಎಂಬುದರಿಂದ ಹಿಡಿದು ಜೀವನೋಪಾಯ, ಸಾರ್ವಜನಿಕ ಸೌಕರ್ಯದವರೆಗೆ ಅದರಲ್ಲಿ ಬರೆಯಬಹುದು. ಪಂಚಾಯತಿ ತನ್ನ ಯೋಜನೆಯಲ್ಲಿ ಇದನ್ನು ಸೇರಿಸಿಕೊಳ್ಳಬೇಕು ಎಂಬುದೇ ಉದ್ದೇಶ. ಇಷ್ಟು ದಿನ ನಾವು ಅದರಲ್ಲಿ ಬೇಡಿಕೆ ಮಾತ್ರ ಬರೆದೆವು: ಚರಂಡಿ ಬೇಕು, ದೀಪ ಬೇಕು, ರಸ್ತೆ ಬೇಕು. ಹೋದ ವರ್ಷ ಮಾಡಿದ್ದರಲ್ಲಿ ಯಾವುದು ಕೆಲಸ ಮಾಡ್ತಿಲ್ಲ ಅಂತ ಬರೆಯಲೇ ಇಲ್ಲ. ಹೊಸದಕ್ಕಿಂತ ಕೆಟ್ಟದ್ದನ್ನು ಸರಿಮಾಡಿಸುವುದು ಎಷ್ಟೋ ಸಲ ಅಗ್ಗ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪ್ರಶ್ನೆ ಕೇಳಿದವರಿಗೆ ತೊಂದರೆ ಆಗುವುದುಂಟು. ಮನೆ ಬಿಲ್ಲು ಬಾಕಿ ಇರುವವರು, ವಿಧವಾ ವೇತನದ ಅರ್ಜಿ ಹಾಕಿದವರು ಬಾಯಿ ಬಿಡಲು ಹೆದರುತ್ತಾರೆ. ಆ ಹೆದರಿಕೆ ಸುಳ್ಳಲ್ಲ, ಅಂಥವರನ್ನು ಮುಂದೆ ತಳ್ಳಬೇಡಿ. ಒಬ್ಬರ ಹೆಸರಿನಲ್ಲಿ ಅಲ್ಲ, ಸಂಘದ ಇಲ್ಲವೇ ಒಕ್ಕೂಟದ ಹೆಸರಿನಲ್ಲಿ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸಭೆ ಮುಗಿದ ಮೇಲೆ ನಡಾವಳಿಯಲ್ಲಿ ನಮ್ಮ ಮಾತು ಸೇರಿದೆಯೇ ಅಂತ ಓದಿಸಿಯೇ ಎದ್ದು ಬನ್ನಿ. ಖಾಲಿ ಪುಟಕ್ಕೆ ಹೆಬ್ಬೆಟ್ಟೋ ಸಹಿಯೋ ಹಾಕಬೇಡಿ. ನಮ್ಮ ಸಂಘದಲ್ಲಿ ಹಾಗೆ ಯಾರೂ ಮಾಡುವುದಿಲ್ಲವಲ್ಲ.

ಕಾಲೋನಿಯ ವಿಷಯಕ್ಕೆ ಬಂದರೆ, ಎರಡನೇ ವರ್ಷ ಅವರು ಸೆಪ್ಟೆಂಬರಿನಲ್ಲಿ ಕೇಳಿದ್ದನ್ನು ಅಕ್ಟೋಬರಿಗೆ ಹೊತ್ತು ತಂದರು. ಒಂದೇ ಹಾಳೆ. ಮೋಟಾರು ಎಷ್ಟು ಸಲ ಸುಟ್ಟಿತು, ರಿಪೇರಿಗೆ ಆದ ಖರ್ಚು ಎಷ್ಟು, ಸ್ಟಾರ್ಟರ್ ಪೆಟ್ಟಿಗೆಗೆ ಎಷ್ಟಾಗುತ್ತದೆ, ಇಷ್ಟೇ ಅದರಲ್ಲಿತ್ತು. ಒಂದು ವರ್ಷದ ರಿಪೇರಿ ಹಣಕ್ಕಿಂತ ಪೆಟ್ಟಿಗೆ ಅಗ್ಗ ಎಂದು ಕಂಡಾಗ ಸಭೆಯಲ್ಲಿ ಯಾರೂ ಎದುರಾಡಲಿಲ್ಲ. ಕ್ರಿಯಾ ಯೋಜನೆಯಲ್ಲಿ ಸಾಲು ಬಂತು, ಬೇಸಿಗೆಗೆ ಮೊದಲು ಪೆಟ್ಟಿಗೆಯೂ ಬಂತು. ಆ ಎರಡು ಬಿಲ್ಲಿನ ಹಣ ಮಾತ್ರ ಇನ್ನೂ ವಸೂಲಾಗಿಲ್ಲ, ಕಂಡಿಕೆ ಹಾಗೇ ಇದೆ. ಪ್ರತಿ ಗ್ರಾಮ ಸಭೆಯಲ್ಲಿ ಅದರ ನಂಬರು ಹೇಳಿ ಕೇಳುತ್ತಿದ್ದಾರೆ. ಎರಡೂ ಸಂಘದವರು ಈಗ ನಡಾವಳಿ ಪುಸ್ತಕದ ಕೊನೆಯ ಪುಟಗಳಲ್ಲಿ ಗೆರೆ ಎಳೆದು, ನೀರು ಬಾರದ ದಿನ, ಬೀದಿ ದೀಪ ಉರಿಯದ ದಿನ, ಅಂಗನವಾಡಿ ಬಾಗಿಲು ತೆಗೆಯದ ದಿನ ಎಂದು ಮೂರು ಕಲಂ ಹಾಕಿಕೊಂಡಿದ್ದಾರೆ. ಮಂಗಳವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಅದನ್ನು ತುಂಬಿ, ಆಮೇಲೆ ಪುಸ್ತಕ ಮುಚ್ಚುತ್ತಾರೆ.